ಸೆಖೆಯ ಊರಿನಲ್ಲಿ ಕುಳ್ಳ ಐರಿಸ್: ಟೆಕ್ಸಸ್ ಹಿತ್ತಿಲಿಗೊಂದು ಸಮಗ್ರ ಮಾರ್ಗದರ್ಶಿ

ಡಲ್ಲಾಸ್, ಪ್ಲೇನೋ, ಫ್ರಿಸ್ಕೋ ಕಡೆ ಮನೆ ಮಾಡಿದ ನಮ್ಮವರ ಹಿತ್ತಿಲಲ್ಲಿ ಮೊದಲು ಬರುವುದು ಕರಿಬೇವು, ಮಲ್ಲಿಗೆ, ದಾಸವಾಳ. ನವೆಂಬರ್ ಬಂತು ಅಂದರೆ ಆ ಕುಂಡಗಳನ್ನೆಲ್ಲ ಗ್ಯಾರೇಜಿಗೆ ಹೊರುವ ಕೆಲಸ ಶುರು. ಚಳಿಗೆ ಹೊರಗೇ ನಿಂತು, ಮಾರ್ಚ್‌ನಲ್ಲಿ ಎಲ್ಲರಿಗಿಂತ ಮೊದಲು ಹೂ ಕೊಡುವ ಗಿಡ ಬೇಕು ಅನ್ನುವವರಿಗೆ ಕುಳ್ಳ ಬಿಯರ್ಡೆಡ್ ಐರಿಸ್ ಒಳ್ಳೆಯ ಆಯ್ಕೆ. 2021ರ ಫೆಬ್ರವರಿಯಲ್ಲಿ ಡಲ್ಲಾಸ್ ವಿಮಾನ ನಿಲ್ದಾಣದಲ್ಲಿ ಉಷ್ಣಾಂಶ ಸೊನ್ನೆಗಿಂತ 19 ಡಿಗ್ರಿ ಸೆಲ್ಸಿಯಸ್ ಕೆಳಗೆ ಹೋಗಿತ್ತಲ್ಲ, ಅಂಥ ಚಳಿ ಈ ಗಿಡಕ್ಕೆ ಲೆಕ್ಕಕ್ಕೇ ಇಲ್ಲ.

ಕಷ್ಟ ಬರುವುದು ಬೇರೆ ಕಡೆಯಿಂದ. ಬಿಸಿ ಊರಿನಲ್ಲಿ ಈ ಗಿಡಕ್ಕೆ ತೊಂದರೆ ಎರಡು. ಚಳಿಗಾಲ ಚಿಕ್ಕದಾದರೆ ಹೂ ಬಿಡುವುದಿಲ್ಲ. ಬೇಸಿಗೆಯಲ್ಲಿ ಸೆಖೆಯೂ ತೇವವೂ ಒಟ್ಟಿಗೆ ಸೇರಿದರೆ ಗೆಡ್ಡೆ ಕೊಳೆಯುತ್ತದೆ. ಕೆಳಗೆ ಹೇಳಿರುವ ಪ್ರತಿ ಹೆಜ್ಜೆಯೂ ಈ ಎರಡರಲ್ಲಿ ಒಂದಕ್ಕೆ ಉತ್ತರ. ಯಾವ ಹೆಜ್ಜೆ ಯಾವುದಕ್ಕೆ ಅಂತ ಗೊತ್ತಿದ್ದರೆ ನಿಮ್ಮ ಹಿತ್ತಿಲಿಗೆ ತಕ್ಕಂತೆ ಬದಲಾಯಿಸಿಕೊಳ್ಳುವುದು ಸುಲಭ.

ಇಲ್ಲಿ ಹೇಳುವ ತಿಂಗಳು, ಮಣ್ಣು ಎಲ್ಲ ಮುಖ್ಯವಾಗಿ ಉತ್ತರ ಮತ್ತು ಮಧ್ಯ ಟೆಕ್ಸಸ್‌ನವು. ಹ್ಯೂಸ್ಟನ್, ಫೀನಿಕ್ಸ್ ಮತ್ತು ನಮ್ಮ ಬೆಂಗಳೂರಿನ ಮಾತು ಕೊನೆಯಲ್ಲಿ ಇದೆ.

ಮೊದಲು ಗಿಡದ ವಂಶ ತಿಳಿದುಕೊಳ್ಳಿ

ಬಿಯರ್ಡೆಡ್ ಐರಿಸ್ ಹೂವಿನಲ್ಲಿ ಮೂರು ದಳ ಮೇಲಕ್ಕೆ ನಿಂತಿರುತ್ತವೆ, ಮೂರು ಕೆಳಕ್ಕೆ ಜೋತುಬಿದ್ದಿರುತ್ತವೆ. ಜೋತುಬಿದ್ದ ದಳದ ನಡುವೆ ಒಂದು ಸಾಲು ಕೂದಲು. ಅದೇ ಗಡ್ಡ, ಇಂಗ್ಲಿಷಿನಲ್ಲಿ ಬಿಯರ್ಡ್. ಎಲೆಗಳು ಬೀಸಣಿಗೆಯ ಹಾಗೆ ಚಪ್ಪಟೆಯಾಗಿ ಹರಡುತ್ತವೆ. ಬುಡದಲ್ಲಿ ನೆಲಕ್ಕೆ ಅಂಟಿಕೊಂಡು ಅಡ್ಡಡ್ಡ ಬೆಳೆಯುವ ಗೆಡ್ಡೆ ಇರುತ್ತದೆ. ಗಿಡದ ಊಟ, ನೀರು ಎಲ್ಲ ಅದರಲ್ಲೇ ಕೂಡಿಟ್ಟಿರುತ್ತದೆ.

ಎತ್ತರದ ಮೇಲೆ ಗುಂಪು ಮಾಡುತ್ತಾರೆ. 1920ರಲ್ಲಿ ಶುರುವಾದ ಅಮೆರಿಕನ್ ಐರಿಸ್ ಸೊಸೈಟಿಯ ಲೆಕ್ಕದಲ್ಲಿ 8 ಇಂಚಿನ ಒಳಗಿನದು ಮಿನಿಯೇಚರ್ ಡ್ವಾರ್ಫ್, ಅಂದರೆ ಎಲ್ಲಕ್ಕಿಂತ ಪುಟ್ಟದು. 8ರಿಂದ 16 ಇಂಚಿನದು ಸ್ಟ್ಯಾಂಡರ್ಡ್ ಡ್ವಾರ್ಫ್. ಅದರ ಮೇಲೆ ಸುಮಾರು 27 ಇಂಚಿನವರೆಗೆ ಇಂಟರ್‌ಮೀಡಿಯೇಟ್, ಇನ್ನೂ ಮೇಲಿನದು ಟಾಲ್ ಬಿಯರ್ಡೆಡ್. ಕ್ಯಾಟಲಾಗ್‌ನಲ್ಲಿ ಇವನ್ನು ಎಂಡಿಬಿ, ಎಸ್‌ಡಿಬಿ, ಐಬಿ, ಟಿಬಿ ಅಂತ ಚಿಕ್ಕದಾಗಿ ಬರೆದಿರುತ್ತಾರೆ.

ಬಿಸಿ ಊರಿನವರಿಗೆ ಎತ್ತರಕ್ಕಿಂತ ವಂಶ ಮುಖ್ಯ. 1940ರ ದಶಕದಲ್ಲಿ ಇಂಡಿಯಾನಾದ ಪಾಲ್ ಕುಕ್ ಮತ್ತು ಟೆನೆಸಿಯ ಗೆಡ್ಡಿಸ್ ಡಗ್ಲಸ್ ಒಬ್ಬರಿಗೊಬ್ಬರು ಪರಾಗ ಕಳಿಸಿಕೊಂಡು, ಎತ್ತರದ ಐರಿಸನ್ನು ಪುಮಿಲಾ ಅನ್ನುವ ಪುಟ್ಟ ಕಾಡು ಜಾತಿಯ ಜೊತೆ ಕೂಡಿಸಿದರು. ಎತ್ತರದ್ದರಲ್ಲಿ 48 ಕ್ರೋಮೋಸೋಮ್, ಪುಮಿಲಾದಲ್ಲಿ 32. ಮಗುವಿಗೆ ಎರಡರ ಅರ್ಧರ್ಧ ಸೇರಿ 40 ಬಂತು. ಅದೇ ಇವತ್ತಿನ ಸ್ಟ್ಯಾಂಡರ್ಡ್ ಡ್ವಾರ್ಫ್. 1951ರಲ್ಲಿ ಕುಕ್ ಹೊರತಂದ ಗ್ರೀನ್ ಸ್ಪಾಟ್, ಫೇರಿ ಫ್ಲ್ಯಾಕ್ಸ್, ಬರಿಯಾ ಈ ಗುಂಪಿನ ಮೊದಲ ತಳಿಗಳಲ್ಲಿ ಸೇರಿವೆ. ಈ ಗುಂಪಿನ ಅತ್ಯುತ್ತಮ ತಳಿಗೆ ಕೊಡುವ ಪದಕಕ್ಕೆ ಈಗಲೂ ಅವರಿಬ್ಬರ ಹೆಸರೇ.

ಈ ಪುಮಿಲಾ ಪೂರ್ವ ಯುರೋಪು, ಉಕ್ರೇನ್, ದಕ್ಷಿಣ ರಷ್ಯಾ, ಟರ್ಕಿಯ ಕಡೆಯದು. ಅಲ್ಲಿ ಚಳಿಗಾಲ ಉದ್ದ, ಬೇಸಿಗೆ ಒಣ. ಹಾಗಾಗಿ ಪುಮಿಲಾ ಪಾಲು ಜಾಸ್ತಿ ಇದ್ದಷ್ಟೂ ಗಿಡಕ್ಕೆ ಚಳಿ ಜಾಸ್ತಿ ಬೇಕು. ಮಿನಿಯೇಚರ್‌ಗಳಲ್ಲಿ ಆ ಪಾಲು ಸಾಮಾನ್ಯವಾಗಿ ಎಲ್ಲಕ್ಕಿಂತ ಹೆಚ್ಚು. ಸ್ಟ್ಯಾಂಡರ್ಡ್ ಡ್ವಾರ್ಫ್‌ನಲ್ಲಿ ಹೆಚ್ಚುಕಮ್ಮಿ ಅರ್ಧ. ಇದನ್ನು ಮತ್ತೆ ಎತ್ತರದ್ದರ ಜೊತೆ ಕೂಡಿಸಿದ ಇಂಟರ್‌ಮೀಡಿಯೇಟ್‌ನಲ್ಲಿ ಕಾಲು ಭಾಗ. ಯಾವುದು ಕೊಳ್ಳಬೇಕು ಅನ್ನುವುದಕ್ಕೆ ಇದೇ ಅಳತೆಗೋಲು.

ಯಾವ ತಳಿ ತರಬೇಕು

ಡಲ್ಲಾಸ್‌ನಿಂದ ಉತ್ತರಕ್ಕೆ ಇದ್ದೀರಾ? ಸ್ಟ್ಯಾಂಡರ್ಡ್ ಡ್ವಾರ್ಫ್ ಧೈರ್ಯವಾಗಿ ತನ್ನಿ. ಮಿನಿಯೇಚರ್ ಒಂದೆರಡು ಇಟ್ಟು ನೋಡಬಹುದು, ಪ್ರತಿ ವರ್ಷ ಹೂ ಬರುತ್ತದೆ ಅಂತ ನಂಬಿಕೊಂಡು ಕೂರಬೇಡಿ. ಆಸ್ಟಿನ್, ಸ್ಯಾನ್ ಆಂಟೋನಿಯೋದಲ್ಲಿ ಮಿನಿಯೇಚರ್ ಆಸೆ ಬಿಡಿ. ಸ್ಟ್ಯಾಂಡರ್ಡ್ ಡ್ವಾರ್ಫ್‌ನಲ್ಲಿ ವರ್ಷಕ್ಕೆ ಎರಡು ಸಲ ಹೂ ಬಿಡುವ ತಳಿ ಹುಡುಕಿ, ಜೊತೆಗೆ ಇಂಟರ್‌ಮೀಡಿಯೇಟ್ ಸೇರಿಸಿ.

ಈ ಎರಡು ಸಲ ಹೂ ಬಿಡುವ ತಳಿಗಳನ್ನು ರೀಬ್ಲೂಮರ್ ಅನ್ನುತ್ತಾರೆ. ವಸಂತದಲ್ಲಿ ಒಮ್ಮೆ, ಶರತ್ಕಾಲದಲ್ಲಿ ಇನ್ನೊಮ್ಮೆ. ಎರಡನೆಯ ಸಲದ್ದು ಗ್ಯಾರಂಟಿ ಅಲ್ಲ, ಆದರೆ ಚಳಿಗಾಲ ಕೈಕೊಟ್ಟ ವರ್ಷವೂ ಇವು ಹೂ ಕೊಡುವ ಸಾಧ್ಯತೆ ಹೆಚ್ಚು. ಹಳದಿ ಬಣ್ಣದ ಬೇಬಿ ಬ್ಲೆಸ್ಡ್, ನೀಲಿಯ ಫಾರೆವರ್ ಬ್ಲೂ, ನೇರಳೆ ಛಾಯೆಯ ಪ್ಲಮ್ ವೈನ್ ಹುಡುಕಿದರೆ ಸಿಗುತ್ತವೆ. ಪ್ಲಮ್ ವೈನ್ ಬೆಳೆಸಿದ ಜಾನ್ ವೈಲರ್ ಇದ್ದದ್ದು ಕ್ಯಾಲಿಫೋರ್ನಿಯಾದ ಫ್ರೆಸ್ನೋದಲ್ಲಿ. ಅಲ್ಲಿಯ ಬೇಸಿಗೆ ಟೆಕ್ಸಸ್‌ಗೇನೂ ಕಡಿಮೆಯಿಲ್ಲ. ತಣ್ಣನೆಯ ಊರಲ್ಲಿ ಬೆಳೆಸಿದ ತಳಿಗಿಂತ ಬಿಸಿ ಊರಲ್ಲಿ ಆರಿಸಿದ ತಳಿಗೆ ನಾನು ಎರಡು ಡಾಲರ್ ಜಾಸ್ತಿ ಕೊಡಲು ತಯಾರು.

ಇನ್ನೊಂದು ಒಳ್ಳೆಯ ದಾರಿ ಲುಟೆಸೆನ್ಸ್ ಅನ್ನುವ ಕಾಡು ಜಾತಿ. ಇದು ದಕ್ಷಿಣ ಫ್ರಾನ್ಸ್, ಸ್ಪೇನ್, ಇಟಲಿಯ ಸಮುದ್ರದ ಕಡೆಯದು. ಅಲ್ಲಿ ಚಳಿ ಮೃದು. ನೋಡಲು ಪುಮಿಲಾದ ದಾಯಾದಿಯ ಹಾಗೇ ಇದೆ, ಚಳಿಯ ಹಟ ಕಡಿಮೆ. ಬಣ್ಣ ಹಳದಿ, ನೇರಳೆ, ಬಿಳಿ. ಹೊಸ ತಳಿಗಳ ಅಲಂಕಾರ ಇದಕ್ಕಿಲ್ಲ, ಅಷ್ಟೆ.

ಎಲ್ಲಿ ಕೊಳ್ಳಬೇಕು? ದೊಡ್ಡ ಅಂಗಡಿಗಳಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ನೇತುಹಾಕಿದ ಗೆಡ್ಡೆ ಬೇಡ. ಬಹಳಷ್ಟು ಸಲ ಅದು ಒಣಗಿರುತ್ತದೆ ಇಲ್ಲವೇ ಬೂಸ್ಟು ಹಿಡಿದಿರುತ್ತದೆ, ತಳಿಯ ಹೆಸರನ್ನೂ ನಂಬುವ ಹಾಗಿಲ್ಲ. ಡಲ್ಲಾಸ್, ಆಸ್ಟಿನ್‌ಗಳಲ್ಲಿ ಐರಿಸ್ ಸೊಸೈಟಿಗಳಿವೆ. ಬೇಸಿಗೆ ಕೊನೆಗೋ ಶರತ್ಕಾಲಕ್ಕೋ ಸದಸ್ಯರು ತಮ್ಮ ತೋಟದ ಗೆಡ್ಡೆಗಳನ್ನು ಕಡಿಮೆ ಬೆಲೆಗೆ ಮಾರುತ್ತಾರೆ. ಆ ಗೆಡ್ಡೆ ನಿಮ್ಮ ಊರಿನ ಬೇಸಿಗೆಯನ್ನು ಆಗಲೇ ಕಂಡಿದೆ. ಇದಕ್ಕಿಂತ ಒಳ್ಳೆಯ ಸರ್ಟಿಫಿಕೇಟ್ ಇಲ್ಲ.

ಆರೆಗನ್ ಕಡೆಯ ನರ್ಸರಿಗಳಿಂದ ತರಿಸುವವರು ಒಂದು ಮಾತು ಕೇಳಿ. ಅವರು ಜುಲೈನಿಂದಲೇ ಕಳಿಸಲು ಶುರು ಮಾಡುತ್ತಾರೆ. ಆರ್ಡರ್ ಮಾಡುವಾಗಲೇ ಸೆಪ್ಟೆಂಬರ್‌ಗೆ ಕಳಿಸಿ ಅಂತ ಬರೆಯಿರಿ. ಆದರೂ ಜುಲೈನಲ್ಲೇ ಬಂದರೆ 38 ಡಿಗ್ರಿ ಬಿಸಿಲಲ್ಲಿ ನೆಲಕ್ಕೆ ಇಡಬೇಡಿ. ಎತ್ತರದ ಐರಿಸ್‌ನ ದಪ್ಪ ಗೆಡ್ಡೆಯಾದರೆ ನೆರಳಲ್ಲಿ ಒಣಗಲು ಬಿಟ್ಟರೂ ಕೆಲವು ವಾರ ತಡೆಯುತ್ತದೆ. ಕುಳ್ಳದರ ಗೆಡ್ಡೆ ಹೆಬ್ಬೆರಳಿಗಿಂತ ಚಿಕ್ಕದು, ಬೇಗ ಸುಕ್ಕಾಗುತ್ತದೆ. ಅದನ್ನು 4 ಇಂಚಿನ ಪುಟ್ಟ ಕುಂಡದಲ್ಲಿಟ್ಟು, ಬೆಳಕಿರುವ ನೆರಳಲ್ಲಿ ಸೆಪ್ಟೆಂಬರ್‌ವರೆಗೆ ಕಾಪಾಡಿ.

ಜಾಗ: ಚಳಿ ನಿಲ್ಲಬೇಕು, ನೀರು ನಿಲ್ಲಬಾರದು

ಅಮೆರಿಕದ ಕೃಷಿ ಇಲಾಖೆ 2023ರಲ್ಲಿ ಹೊಸ ವಲಯ ನಕ್ಷೆ ಹೊರತಂದಿತು. ಡಲ್ಲಾಸ್ 8ನೇ ವಲಯ, ಆಸ್ಟಿನ್, ಸ್ಯಾನ್ ಆಂಟೋನಿಯೋ, ಹ್ಯೂಸ್ಟನ್ 9. ಗಿಡದ ಚೀಟಿಯ ಮೇಲೆ 3ರಿಂದ 9 ಅಂತ ಇದ್ದರೆ ಜನ ನಿಶ್ಚಿಂತೆಯಾಗಿ ಕೊಂಡುಬಿಡುತ್ತಾರೆ. ಆ ನಕ್ಷೆ ಹೇಳುವುದು ಚಳಿಗಾಲದ ಅತಿ ಕಡಿಮೆ ಉಷ್ಣಾಂಶವನ್ನು ಮಾತ್ರ. ಚಳಿ ಎಷ್ಟು ವಾರ ಇರುತ್ತದೆ, ಬೇಸಿಗೆ ರಾತ್ರಿ ಎಷ್ಟು ಬೆವರುತ್ತದೆ ಅನ್ನುವುದು ಅದರಲ್ಲಿಲ್ಲ. ಐರಿಸ್‌ಗೆ ಬೇಕಾದ ಸುದ್ದಿ ಅದೇ, ಅಲ್ವಾ?

ಹಾಗಾಗಿ ನಿಮ್ಮ ಹಿತ್ತಿಲನ್ನೇ ನೋಡಿ. ಜನವರಿಯ ಬೆಳಿಗ್ಗೆ ಹುಲ್ಲಿನ ಮೇಲೆ ಬಿಳಿ ಮಂಜು ಎಲ್ಲಿ ಕೊನೆಯವರೆಗೆ ಕರಗದೆ ಉಳಿಯುತ್ತದೆ? ತಣ್ಣನೆ ಗಾಳಿ ಭಾರ. ಅದು ಇಳಿಜಾರಿನಲ್ಲಿ ಹರಿದು ತಗ್ಗಿನಲ್ಲಿ ತಂಗುತ್ತದೆ. ಕುಳ್ಳ ಐರಿಸ್‌ಗೆ ಆ ತಗ್ಗೇ ಚೆನ್ನ. ಆದರೆ ಮಳೆ ನೀರೂ ಅಲ್ಲಿಗೇ ಬರುತ್ತದೆ. ಅದಕ್ಕೆ ಅಲ್ಲಿ ಏರುಮಡಿ ಕಟ್ಟಬೇಕು.

ದಕ್ಷಿಣಕ್ಕೆ ಮುಖ ಮಾಡಿದ ಇಟ್ಟಿಗೆ ಗೋಡೆ, ಕಾಂಕ್ರೀಟಿನ ಡ್ರೈವ್‌ವೇ, ಈಜುಕೊಳದ ಅಂಚು ಬೇಡ. ಇವು ಹಗಲು ಬಿಸಿ ಕುಡಿದು ರಾತ್ರಿ ಬಿಡುತ್ತವೆ. ಚಳಿಗಾಲದಲ್ಲಿ ಸಿಗುವ ಅಷ್ಟಿಷ್ಟು ಚಳಿಯೂ ಹೋಗುತ್ತದೆ, ಬೇಸಿಗೆಯಲ್ಲಿ ಗೆಡ್ಡೆ ಬೇಯುತ್ತದೆ. ಬೆಂಗಳೂರಿನಿಂದ ಬಂದವರಿಗೆ ಗೋಡೆ ಪಕ್ಕದ ಬೆಚ್ಚನೆ ಜಾಗ ಗಿಡಕ್ಕೆ ಒಳ್ಳೆಯದು ಅನ್ನಿಸುವುದು ಸಹಜ. ಅದನ್ನು ಮಲ್ಲಿಗೆಗೆ ಕೊಡಿ.

ಬಿಸಿಲು ದಿನಕ್ಕೆ ಆರು ಗಂಟೆ ಬೇಕು. ಬೆಳಗಿನ ಬಿಸಿಲಾದರೆ ಉತ್ತಮ. ಮಧ್ಯಾಹ್ನ ಮೂರರ ನಂತರ ನೆರಳು ಬಿದ್ದರೆ ಬೇಸಿಗೆ ಸಲೀಸಾಗಿ ಕಳೆಯುತ್ತದೆ. ಚಳಿಗಾಲದಲ್ಲಿ ಎಲೆ ಉದುರಿಸುವ ಕ್ರೇಪ್ ಮರ್ಟಲ್‌ನಂಥ ಮರದ ಪೂರ್ವಕ್ಕೆ, ಬೇರಿಗೆ ಸ್ವಲ್ಪ ದೂರದಲ್ಲಿ ನೆಟ್ಟರೆ ಎರಡೂ ಸಿಗುತ್ತದೆ. ಲೈವ್ ಓಕ್ ಕೆಳಗೆ ಬೇಡ, ಅದು ಚಳಿಗಾಲದಲ್ಲೂ ನೆರಳು ಬಿಡುವುದಿಲ್ಲ.

ಜಾಗ ಆರಿಸುವಾಗ ಹುಲ್ಲುಹಾಸಿನ ಸ್ಪ್ರಿಂಕ್ಲರ್ ಎಲ್ಲಿಯವರೆಗೆ ನೀರು ಎರಚುತ್ತದೆ ಅಂತಲೂ ನೋಡಿ. ಈ ಕಡೆ ಐರಿಸ್ ಸಾಯಲು ಸ್ಪ್ರಿಂಕ್ಲರ್ ಒಂದು ದೊಡ್ಡ ಕಾರಣ. ಹುಲ್ಲಿಗೆ ವಾರಕ್ಕೆರಡು ಸಲ ನೀರು ಬೇಕು, ಐರಿಸ್‌ಗೆ ಜುಲೈನಲ್ಲಿ ಅದು ವಿಷ. ಆ ವಲಯದಿಂದ ಹೊರಗೆ ಮಡಿ ಮಾಡಿ, ಇಲ್ಲದಿದ್ದರೆ ಆ ಒಂದು ನಳಿಕೆ ಮುಚ್ಚಿಸಿ.

ಮಣ್ಣು: ಎರೆ ಭೂಮಿಯವರಿಗೆ ಪರಿಚಯದ್ದೇ

ಡಲ್ಲಾಸ್‌ನಿಂದ ಸ್ಯಾನ್ ಆಂಟೋನಿಯೋವರೆಗೆ ಹಬ್ಬಿರುವ ಬ್ಲ್ಯಾಕ್‌ಲ್ಯಾಂಡ್ ಪ್ರೈರಿಯ ಕಪ್ಪು ಮಣ್ಣನ್ನು ನೋಡಿದರೆ ಗದಗ, ಧಾರವಾಡ, ವಿಜಯಪುರದವರಿಗೆ ಊರಿನ ಹೊಲ ನೆನಪಾಗಬೇಕು. ಮಣ್ಣುವಿಜ್ಞಾನದಲ್ಲೂ ಎರಡೂ ಒಂದೇ ಗುಂಪು, ವರ್ಟಿಸಾಲ್. ಒಣಗಿದರೆ ಕೈ ಹೋಗುವಷ್ಟು ಬಿರುಕು, ನೆನೆದರೆ ಉಬ್ಬಿ ಚಪ್ಪಲಿಗೆ ಹಿಡಿಯುವ ಅಂಟು. ಇಲ್ಲಿಯವರು ಗಂಬೋ ಅನ್ನುತ್ತಾರೆ. ಎರೆಮಣ್ಣು ಹಿಂಗಾರಿ ಜೋಳಕ್ಕೆ ತೇವ ಹಿಡಿದಿಟ್ಟು ಅನ್ನ ಕೊಡುತ್ತದೆ. ಐರಿಸ್ ಗೆಡ್ಡೆಗೆ ಅದೇ ಗುಣ ಕುತ್ತು.

ಮರಳು ಬೆರೆಸಿದರೆ ಸರಿಹೋಗುತ್ತದೆ ಅನ್ನುವವರ ಮಾತು ಕೇಳಬೇಡಿ. ಜೇಡಿಗೆ ಸ್ವಲ್ಪ ಮರಳು ಸೇರಿಸಿದರೆ ಇನ್ನೂ ಗಟ್ಟಿಯಾಗುತ್ತದೆ. ಟೆಕ್ಸಸ್‌ನಲ್ಲಿ ಇದಕ್ಕೆ ಬಳಸುವುದು ಎಕ್ಸ್‌ಪ್ಯಾಂಡೆಡ್ ಶೇಲ್. ಜೇಡಿಗಲ್ಲನ್ನು ಕುಲುಮೆಯಲ್ಲಿ ಸುಟ್ಟು ಉಬ್ಬಿಸಿದ ಹಗುರ ಹರಳು ಅದು. ಮೈತುಂಬ ರಂಧ್ರ, ಬೇಗ ಪುಡಿಯಾಗುವುದಿಲ್ಲ. ಮಡಿ ಮಾಡುವ ಕ್ರಮ ಹೀಗೆ:

1. ಹುಲ್ಲನ್ನು ಬೇರು ಸಮೇತ ತೆಗೆಯಿರಿ. ಬರ್ಮುಡಾ ಹುಲ್ಲಿನ ಒಂದು ತುಂಡು ಉಳಿದರೂ ಗೆಡ್ಡೆಗಳ ನಡುವೆ ನುಗ್ಗುತ್ತದೆ, ಆಮೇಲೆ ಕೀಳುವುದು ಕಷ್ಟ.
2. ಒಂದು ಸಲಿಕೆಯ ಆಳಕ್ಕೆ, ಸುಮಾರು 8 ಇಂಚು, ಅಗೆಯಿರಿ. ಮಣ್ಣು ಹದವಾಗಿರಬೇಕು. ಒದ್ದೆಯಿದ್ದಾಗ ಅಗೆದರೆ ಹೆಂಟೆ ಕಲ್ಲಾಗುತ್ತದೆ.
3. ಮೂರು ಇಂಚು ಶೇಲ್, ಎರಡು ಇಂಚು ಚೆನ್ನಾಗಿ ಕಳಿತ ಕಾಂಪೋಸ್ಟ್ ಹರಡಿ ಬೆರೆಸಿ. ಹಸಿ ಸಗಣಿ ಗೊಬ್ಬರ ಬೇಡವೇ ಬೇಡ.
4. ಮಡಿ ಸುತ್ತಲಿನ ನೆಲಕ್ಕಿಂತ 6ರಿಂದ 8 ಇಂಚು ಎತ್ತರ ಬರಲಿ. ನಡುವೆ ಉಬ್ಬು, ಅಂಚಿಗೆ ಇಳಿಜಾರು.
5. ಒಂದು ಬಕೆಟ್ ನೀರು ಸುರಿದು ನೋಡಿ. ಹತ್ತು ನಿಮಿಷದ ಮೇಲೂ ಮೇಲೆ ನಿಂತಿದ್ದರೆ ಇನ್ನೂ ಶೇಲ್ ಬೇಕು.

ಇಲ್ಲಿಯ ಮಣ್ಣಿನಲ್ಲಿ ಸುಣ್ಣ ಜಾಸ್ತಿ. ಪಿಎಚ್ 7.5ರ ಮೇಲೇ ಇರುತ್ತದೆ. ಐರಿಸ್ ಇದನ್ನು ತಾಳುತ್ತದೆ. ಆದರೆ ಗೊಬ್ಬರದ ಜೊತೆ ಸುಣ್ಣ ಹಾಕಿ ಅಂತ ಪೂರ್ವ ಅಮೆರಿಕದವರು ಬರೆದಿರುವುದನ್ನು ಇಲ್ಲಿ ಪಾಲಿಸಬೇಡಿ.

ಕುಂಡದಲ್ಲಿ ಬೆಳೆಯುವವರು ಸುಟ್ಟ ಮಣ್ಣಿನ, ಬಣ್ಣ ಹಚ್ಚದ ಕುಂಡವನ್ನೇ ತನ್ನಿ. ಅಗಲ 8ರಿಂದ 10 ಇಂಚು, ಆಳ ಜಾಸ್ತಿ ಬೇಡ. ಮೂರು ಗೆಡ್ಡೆ ಹಿಡಿಯುತ್ತವೆ. ಕುಂಡದ ದೊಡ್ಡ ಲಾಭ ಅಂದರೆ ಎತ್ತಿ ಇಡಬಹುದು. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಮನೆಯ ಉತ್ತರಕ್ಕೆ, ಮಳೆ ಬೀಳದ ಕಡೆ. ಮೊಗ್ಗು ಕಂಡ ಕೂಡಲೇ ಬಿಸಿಲಿಗೆ. ಜೂನ್‌ನಿಂದ ಮತ್ತೆ ಬೆಳಗಿನ ಬಿಸಿಲು ಮಾತ್ರ ಬೀಳುವ ಸೂರಿನ ಕೆಳಗೆ.

ನೆಡುವುದು

ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮಧ್ಯದವರೆಗೆ. ರಾತ್ರಿ 20 ಡಿಗ್ರಿಯ ಒಳಗೆ ಇಳಿಯಲು ಶುರುವಾದರೆ ಸರಿಯಾದ ಹೊತ್ತು. ಚಳಿ ಬರುವ ಮೊದಲು ಬೇರು ಹಿಡಿಯಲು ಆರೇಳು ವಾರ ಸಿಗಬೇಕು. ನವೆಂಬರ್‌ಗೆ ತಳ್ಳಿದರೆ ಆ ವರ್ಷದ ಹೂ ಕಳೆದುಕೊಂಡ ಹಾಗೆ.

ಗೆಡ್ಡೆಯನ್ನು ಕೈಯಲ್ಲಿ ಹಿಡಿದು ಒತ್ತಿ ನೋಡಿ. ಗಟ್ಟಿಯಿರಬೇಕು. ಮೆತ್ತಗಿರುವ ಭಾಗವನ್ನು ಚಾಕುವಿನಿಂದ ಕೊಯ್ದು, ಕೊಯ್ದ ಮುಖವನ್ನು ಒಂದು ದಿನ ನೆರಳಲ್ಲಿ ಒಣಗಿಸಿ. ಎಲೆ ಉದ್ದವಿದ್ದರೆ ಮೂರನೇ ಒಂದು ಭಾಗ ಉಳಿಸಿ ಕತ್ತರಿಸಿ.

ಸುಮಾರು ನಾಲ್ಕು ಇಂಚು ಆಳದ ಗುಂಡಿ ತೆಗೆದು, ಅದರ ನಡುವೆ ಮಣ್ಣಿನ ಸಣ್ಣ ದಿಂಡು ಮಾಡಿ. ಗೆಡ್ಡೆಯನ್ನು ದಿಂಡಿನ ಮೇಲೆ ಕೂರಿಸಿ, ಬೇರುಗಳನ್ನು ಎರಡೂ ಕಡೆ ಇಳಿಬಿಡಿ. ಬೇರಿನ ಮೇಲೆ ಮಣ್ಣು ತುಂಬಿ ಅಂಗೈಯಿಂದ ಗಟ್ಟಿಯಾಗಿ ಒತ್ತಿ. ಗಾಳಿ ಉಳಿದರೆ ಬೇರು ಹಿಡಿಯುವುದಿಲ್ಲ.

ಎಷ್ಟು ಆಳ ಅನ್ನುವುದರಲ್ಲಿ ಹೆಚ್ಚಿನವರು ಎಡವುತ್ತಾರೆ. ತಂಪು ಊರಿನ ಪುಸ್ತಕಗಳು ಗೆಡ್ಡೆಯ ಬೆನ್ನು ಬಿಸಿಲಿಗೆ ಕಾಣಬೇಕು ಅನ್ನುತ್ತವೆ. ಜುಲೈ ಬಿಸಿಲಿನ ಟೆಕ್ಸಸ್‌ನಲ್ಲಿ ಹಾಗೆ ಬಿಟ್ಟರೆ ಪುಟ್ಟ ಗೆಡ್ಡೆ ಸುಟ್ಟುಹೋಗುತ್ತದೆ. ಇಲ್ಲಿ ಅರ್ಧ ಇಂಚು ಮಣ್ಣು ಮೇಲೆ ಹೊದಿಸಿ. ತೀರಾ ಬಿಸಿ, ಹಗುರ ಮಣ್ಣಿನ ಜಾಗದಲ್ಲಿ ಒಂದು ಇಂಚು. ಅದಕ್ಕಿಂತ ಆಳ ಹೋದರೆ ಎಲೆ ಬರುತ್ತದೆ, ಹೂ ಬರುವುದಿಲ್ಲ.

ದಿಕ್ಕೂ ನೋಡಿ. ಎಲೆಯ ಬೀಸಣಿಗೆ ಗೆಡ್ಡೆಯ ಒಂದು ತುದಿಯಲ್ಲಿರುತ್ತದೆ. ಆ ತುದಿ ದಕ್ಷಿಣಕ್ಕೋ ಪಶ್ಚಿಮಕ್ಕೋ ಇರಲಿ. ಆಗ ಎಲೆಯ ನೆರಳು ತನ್ನದೇ ಗೆಡ್ಡೆಯ ಮೇಲೆ ಬೀಳುತ್ತದೆ. ಗೆಡ್ಡೆಯಿಂದ ಗೆಡ್ಡೆಗೆ 8 ಇಂಚು ಅಂತರ ಸಾಕು.

ನೆಟ್ಟ ದಿನ ಚೆನ್ನಾಗಿ ನೀರು. ಆಮೇಲೆ ಮಳೆ ಇಲ್ಲದಿದ್ದರೆ ವಾರಕ್ಕೊಮ್ಮೆ. ನಡುವೆ ಹೊಸ ಎಲೆ ಇಣುಕಿತು ಅಂದರೆ ಬೇರು ಹಿಡಿದಿದೆ, ನೀರು ಕಡಿಮೆ ಮಾಡಿ. ಮೇಲೆ ತೊಗಟೆ ಚೂರು, ಒಣ ಎಲೆ ಯಾವುದನ್ನೂ ಹೊದಿಸಬೇಡಿ. ಲಾನ್ ಕೆಲಸದವರು ವರ್ಷಕ್ಕೊಮ್ಮೆ ಎಲ್ಲ ಮಡಿಗೂ ಮಲ್ಚ್ ಸುರಿದು ಹೋಗುವ ಪದ್ಧತಿ ಇದ್ದರೆ, ಈ ಮಡಿಗೆ ಬೇಡ ಅಂತ ಮೊದಲೇ ಹೇಳಿಡಿ. ಬೇಕಿದ್ದರೆ ಸಣ್ಣ ಜಲ್ಲಿ ಹರಡಬಹುದು.

ಚಳಿಗಾಲದಿಂದ ಹೂವಿನವರೆಗೆ

ಡಿಸೆಂಬರ್, ಜನವರಿಯಲ್ಲಿ ಮಾಡುವುದು ಏನೂ ಇಲ್ಲ. ಹಿಮ ಬೀಳುತ್ತದೆ ಅಂದಾಗ ಬಟ್ಟೆ ಹೊದಿಸಬೇಡಿ. ಚಳಿ ತಗಲಲಿ ಅಂತಲೇ ಇಷ್ಟೆಲ್ಲ ಮಾಡಿದ್ದು. ಗಿಡದ ಬುಡಕ್ಕೆ ಐಸ್ ಸುರಿಯುವವರೂ ಇದ್ದಾರೆ. ಐಸ್ ಕರಗಿದ ಮೇಲೆ ಮಣ್ಣು ಬೇಗ ಮೊದಲಿನ ಬಿಸಿಗೇ ಬರುತ್ತದೆ, ಗಿಡಕ್ಕೆ ಬೇಕಾದದ್ದು ವಾರಗಟ್ಟಲೆ ಚಳಿ. ಸುಮ್ನೆ ಶ್ರಮ.

ಗೊಬ್ಬರ ಫೆಬ್ರವರಿ ಮಧ್ಯಕ್ಕೆ ಒಮ್ಮೆ. 5-10-10ರ ಥರ ಸಾರಜನಕ ಕಡಿಮೆ ಇರುವುದನ್ನು ಗೆಡ್ಡೆಗೆ ತಾಗದಂತೆ ಸುತ್ತ ಒಂದು ಚಮಚ. ಹುಲ್ಲಿಗೆ ಹಾಕುವ ಗೊಬ್ಬರ ಇತ್ತ ಹಾರದಂತೆ ನೋಡಿಕೊಳ್ಳಿ. ಅದರಲ್ಲಿ ಸಾರಜನಕವೇ ತುಂಬಿರುತ್ತದೆ, ಎಲೆ ಕೊಬ್ಬಿ ಕೊಳೆ ರೋಗ ಕರೆಯುತ್ತದೆ. ರೀಬ್ಲೂಮರ್‌ಗಳಿಗೆ ಸೆಪ್ಟೆಂಬರ್‌ನಲ್ಲಿ ಇನ್ನೊಂದು ಸಲ ಅಷ್ಟೇ ಅಳತೆ.

ಉತ್ತರ ಟೆಕ್ಸಸ್‌ನಲ್ಲಿ ಮಾರ್ಚ್‌ನಿಂದ ಏಪ್ರಿಲ್ ಮೊದಲ ವಾರದೊಳಗೆ ಹೂ ಬರುತ್ತದೆ. ಎತ್ತರದ ಐರಿಸ್ ಅರಳುವುದು ಇದಾದ ಎರಡು ಮೂರು ವಾರದ ಮೇಲೆ. ಮೊಗ್ಗು ಬಂದಾಗಿನಿಂದ ಹೂ ಮುಗಿಯುವವರೆಗೆ ಮಣ್ಣು ತೀರಾ ಒಣಗಲು ಬಿಡಬೇಡಿ. ಬಾಡಿದ ಹೂ ಕಿತ್ತುಹಾಕಿ, ಕೊನೆಯ ಹೂ ಆದ ಮೇಲೆ ಕಾಂಡವನ್ನು ಬುಡದಲ್ಲಿ ಮುರಿಯಿರಿ. ಎಲೆ ಮುಟ್ಟಬೇಡಿ.

ಒಂದು ಗೆಡ್ಡೆ ಜೀವಮಾನದಲ್ಲಿ ಒಂದೇ ಸಲ ಹೂ ಬಿಡುತ್ತದೆ. ಬಾಳೆಯ ಹಾಗೆ. ಗೊನೆ ಹಾಕಿದ ಬಾಳೆ ಮತ್ತೆ ಗೊನೆ ಹಾಕುವುದಿಲ್ಲ, ಬುಡದ ಕಂದು ಹಾಕುತ್ತದೆ. ಇಲ್ಲೂ ತಾಯಿ ಗೆಡ್ಡೆಯ ಎರಡು ಪಕ್ಕದಲ್ಲಿ ಮರಿಗಳು ಹೊರಡುತ್ತವೆ. ಮುಂದಿನ ವರ್ಷದ ಹೂ ಅವುಗಳದ್ದು. ಅಂದರೆ ಏಪ್ರಿಲ್, ಮೇ ತಿಂಗಳಲ್ಲಿ ಮರಿಗಳು ಎಷ್ಟು ದಪ್ಪವಾಗುತ್ತವೋ ಮುಂದಿನ ಮಾರ್ಚ್ ಅಷ್ಟು ಚೆಂದ. ಹೂ ಮುಗಿದ ಕೂಡಲೇ ಗಿಡವನ್ನು ಮರೆಯದೆ, ಈ ಎರಡು ತಿಂಗಳು ಕಳೆ ಕಿತ್ತು, ಹತ್ತು ದಿನಕ್ಕೊಮ್ಮೆ ನೀರು ಕೊಡಿ.

ಬೇಸಿಗೆ: ನಿಜವಾದ ಪರೀಕ್ಷೆ

ಹಗಲು 32 ಡಿಗ್ರಿ ದಾಟಿ ಅಲ್ಲೇ ನಿಂತರೆ ಗಿಡ ಬೆಳವಣಿಗೆ ನಿಲ್ಲಿಸುತ್ತದೆ. ಎಲೆಯ ತುದಿ ಒಣಗುತ್ತದೆ, ಬಣ್ಣ ಮಂಕಾಗುತ್ತದೆ. ನೋಡಿದವರಿಗೆ ಬಾಯಾರಿದೆ ಅನ್ನಿಸುತ್ತದೆ, ಪೈಪ್ ಹಿಡಿದು ನೀರು ಬಿಡುತ್ತಾರೆ. ಅದು ನಿದ್ದೆಯಲ್ಲಿದೆ. ನೀರು ಕುಡಿಯದ ಬೇರಿನ ಸುತ್ತ ಬಿಸಿ ಕೆಸರು ನಿಂತರೆ ಆಗುವುದು ಒಂದೇ.

ಹಾಗಂತ ಪೂರ್ತಿ ಬಿಟ್ಟುಬಿಡಲೂ ಆಗದು. ಎತ್ತರದ ಐರಿಸ್‌ನ ದೊಡ್ಡ ಗೆಡ್ಡೆ ಇಡೀ ಆಗಸ್ಟ್ ಉಪವಾಸ ಇರುತ್ತದೆ. ಕುಳ್ಳದರ ಸಂಗ್ರಹ ಚಿಕ್ಕದು. ಮೂರು ವಾರ ಮಳೆಯೇ ಬರದಿದ್ದರೆ, ಒಂದು ಮುಂಜಾನೆ ಬುಡದಿಂದ ದೂರ ನಿಧಾನವಾಗಿ ನೀರು ಬಿಡಿ, ಸಂಜೆಯೊಳಗೆ ಮೇಲ್ಮಣ್ಣು ಒಣಗಬೇಕು. ಸಂಜೆ ಹೊತ್ತು ಎಂದೂ ಬೇಡ. ರಾತ್ರಿ ಇಡೀ ತೇವ ಉಳಿಯುತ್ತದೆ. 40 ಡಿಗ್ರಿ ದಾಟುವ ವಾರಗಳಲ್ಲಿ ಶೇಡ್ ನೆಟ್ ಕಟ್ಟಿದರೆ ಒಳ್ಳೆಯದು.

ಎರಡು ಕೊಳೆ ರೋಗಗಳನ್ನು ಬೇರೆ ಬೇರೆ ಗುರುತಿಸಬೇಕು. ಮೊದಲನೆಯದು ಬ್ಯಾಕ್ಟೀರಿಯಾದ್ದು. ಗೆಡ್ಡೆ ಒಳಗಿನಿಂದ ಗಂಜಿಯಾಗುತ್ತದೆ, ಹೊಟ್ಟೆ ತೊಳಸುವಂಥ ವಾಸನೆ. ಎಲೆಯ ಬೀಸಣಿಗೆ ಎಳೆದರೆ ಕೈಗೇ ಬರುತ್ತದೆ. ತಡಮಾಡದೆ ಮಣ್ಣು ಸರಿಸಿ, ಹಳೆಯ ಚಮಚದಿಂದ ಮೆತ್ತಗಿನ ಭಾಗವನ್ನೆಲ್ಲ ಗಟ್ಟಿ ಬಿಳಿ ಭಾಗ ಸಿಗುವವರೆಗೆ ಕೆರೆದು ತೆಗೆಯಿರಿ. ಒಂದು ಪಾಲು ಬ್ಲೀಚ್‌ಗೆ ಒಂಬತ್ತು ಪಾಲು ನೀರು ಬೆರೆಸಿ ಆ ಗಾಯಕ್ಕೆ ಸುರಿಯಿರಿ. ಮಣ್ಣು ಮುಚ್ಚದೆ ಎರಡು ಮೂರು ದಿನ ಒಣಗಲು ಬಿಡಿ. ಗಂಜಿಯಾದ ಭಾಗ ಕಾಂಪೋಸ್ಟಿಗೆ ಹಾಕಬೇಡಿ, ಚಾಕುವನ್ನೂ ಅದೇ ಬ್ಲೀಚಿನಲ್ಲಿ ತೊಳೆಯಿರಿ. ಬೇಗ ಕಂಡರೆ ಗಿಡ ಉಳಿಯುತ್ತದೆ.

ಎರಡನೆಯದು ಶಿಲೀಂಧ್ರ, ಸದರ್ನ್ ಬ್ಲೈಟ್. ಎಲೆಯ ಬುಡದಲ್ಲಿ ಬಿಳಿ ನೂಲು, ಅದರ ನಡುವೆ ಸಾಸಿವೆ ಕಾಳಿನಂಥ ಕಂದು ಗುಂಡುಗಳು. ಶೇಂಗಾ ಬೆಳೆಯುವ ಮನೆಯವರಾದರೆ ಇದನ್ನು ಕಂಡಿರುತ್ತೀರಿ. ನಮ್ಮ ಕಡೆ ಶೇಂಗಾ ಬುಡ ಕೊಳೆಸುವ ಸ್ಕ್ಲೆರೋಷಿಯಂ ರಾಲ್ಫ್ಸೈ ಇದೇ. ಈ ಗುಂಡುಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುತ್ತವೆ, ಅದಕ್ಕೇ ಇದು ಮೊದಲಿನದಕ್ಕಿಂತ ಕೆಟ್ಟದ್ದು. ಕಂಡ ಗಿಡವನ್ನು ಸುತ್ತಲಿನ ಆರು ಇಂಚು ಮಣ್ಣಿನ ಸಮೇತ ಎತ್ತಿ ಚೀಲಕ್ಕೆ ಕಟ್ಟಿ ಕಸಕ್ಕೆ ಹಾಕಿ. ಆ ಜಾಗವನ್ನು ಜುಲೈ, ಆಗಸ್ಟ್‌ನಲ್ಲಿ ನೀರುಣಿಸಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆಯಿಂದ ಬಿಗಿಯಾಗಿ ಮುಚ್ಚಿ ಆರು ವಾರ ಬಿಸಿಲಿಗೆ ಬೇಯಿಸಿ. ಒಣಗಿದ ಎಲೆಗಳನ್ನು ಬುಡದಲ್ಲಿ ಗುಡ್ಡೆ ಬೀಳಲು ಬಿಡದಿರುವುದೇ ಇದಕ್ಕೆ ಮುಖ್ಯ ತಡೆ.

ಉಳಿದ ಕಾಟಗಳು ಚಿಕ್ಕವು. ಎಲೆಚುಕ್ಕೆ ಬಂದರೆ ಆ ಎಲೆ ಕತ್ತರಿಸಿ, ಮೇಲಿನಿಂದ ನೀರು ಹಾಕುವುದು ನಿಲ್ಲಿಸಿ. ವಸಂತದಲ್ಲಿ ಬರುವ ಗಿಡಹೇನನ್ನು ನೀರಿನ ಧಾರೆಯಿಂದ ತೊಳೆದರೆ ಸಾಕು. ಅಮೆರಿಕದ ಪುಸ್ತಕಗಳು ಪುಟಗಟ್ಟಲೆ ಬರೆಯುವ ಐರಿಸ್ ಬೋರರ್ ಹುಳು ಹೆಚ್ಚಾಗಿ ಚಳಿ ಪ್ರದೇಶದ್ದು. ಮನೆಯಲ್ಲಿ ನಾಯಿಯೋ ತೆವಳುವ ಮಗುವೋ ಇದ್ದರೆ ಗೆಡ್ಡೆ ಬಾಯಿಗೆ ಹೋಗದಂತೆ ನೋಡಿಕೊಳ್ಳಿ, ಅದರಲ್ಲಿ ವಿಷವಿದೆ.

ಹೂ ಬರಲಿಲ್ಲವೇ?

ನೆಟ್ಟ ಮೊದಲ ವರ್ಷವಾದರೆ ಸುಮ್ಮನಿರಿ. ಎರಡನೆಯ ವರ್ಷವೂ ಇಲ್ಲ ಅಂದರೆ ಪಕ್ಕದ ಎತ್ತರದ ಐರಿಸ್ ಏನು ಮಾಡುತ್ತಿದೆ ನೋಡಿ. ಅದು ಹೂ ಬಿಟ್ಟು ಕುಳ್ಳ ಮಾತ್ರ ಬಿಡದಿದ್ದರೆ ಕಾರಣ ಚಳಿ. ಜಾಗ ಬದಲಿಸಿ, ಆಗದಿದ್ದರೆ ತಳಿ ಬದಲಿಸಿ. ಎರಡೂ ಬಿಡದಿದ್ದರೆ ನೆರಳು, ಆಳ ಅಥವಾ ಗೊಬ್ಬರದ ತಪ್ಪು. ಎಲೆ ಕಡುಹಸಿರಾಗಿ ಸೊಂಪಾಗಿ ಬಾಗಿದ್ದರೆ ಸಾರಜನಕ ಹೆಚ್ಚಾಗಿದೆ. ಎಲೆ ತೆಳ್ಳಗೆ ಉದ್ದಕ್ಕಿದ್ದರೆ ಬೆಳಕು ಸಾಲದು. ಗೆಡ್ಡೆಗಳು ಒಂದರ ಮೇಲೊಂದು ಹತ್ತಿದ್ದರೆ ಬಿಡಿಸುವ ಕಾಲ ಬಂದಿದೆ. ಹೂ ಬಂತು, ಆದರೆ ಎಲೆಗಳ ನಡುವೆಯೇ ಹೂತುಕೊಂಡಿದೆ ಅಂದರೆ ಕಾಂಡ ಏಳುವ ಮೊದಲೇ ಬಿಸಿ ಏರಿದೆ. ಟೆಕ್ಸಸ್‌ನ ಫೆಬ್ರವರಿಯಲ್ಲಿ ಇದು ಆಗುತ್ತಿರುತ್ತದೆ, ಗಿಡಕ್ಕೇನೂ ಆಗಿಲ್ಲ.

ಬಿಡಿಸಿ ನೆಡುವುದು

ಕುಳ್ಳ ಐರಿಸ್ ಬೇಗ ಹಬ್ಬುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ಗುಂಪನ್ನು ಎತ್ತಿ ಬಿಡಿಸಬೇಕು, ಇಲ್ಲದಿದ್ದರೆ ನಡುಭಾಗ ಸತ್ತು ಬಳೆಯಂತಾಗುತ್ತದೆ. ತಂಪು ಊರಿನವರು ಜುಲೈನಲ್ಲಿ ಮಾಡುತ್ತಾರೆ. ಇಲ್ಲಿ ಸೆಪ್ಟೆಂಬರ್ ಕೊನೆಗೆ, ನೆಡುವ ಹೊತ್ತಿಗೇ ಮಾಡಿ. ಫೋರ್ಕ್‌ನಿಂದ ಇಡೀ ಗುಂಪು ಎತ್ತಿ, ಮಣ್ಣು ಕೊಡವಿ, ಹೂ ಬಿಟ್ಟು ಮುಗಿಸಿದ ಹಳೆಯ ಗೆಡ್ಡೆ ಎಸೆಯಿರಿ. ಅಂಚಿನ ಮರಿಗಳನ್ನು ಉಳಿಸಿಕೊಳ್ಳಿ. ಒಂದೊಂದನ್ನೇ ಬಿಡಿಬಿಡಿಯಾಗಿ ಮಾಡಬೇಡಿ, ಎರಡು ಮೂರು ಮರಿ ಜೊತೆಗಿದ್ದರೆ ಮುಂದಿನ ವರ್ಷವೇ ಹೂ ಕಾಣುತ್ತದೆ. ತಳಿಯ ಹೆಸರನ್ನು ಎಲೆಯ ಮೇಲೇ ಮಾರ್ಕರ್‌ನಿಂದ ಬರೆಯಿರಿ. ಕಟ್ಟಿದ ಚೀಟಿ ಕಳೆದುಹೋಗುತ್ತದೆ.

ಬೇರೆ ಊರಿನವರಿಗೆ

ಹ್ಯೂಸ್ಟನ್‌ನಲ್ಲಿ ಚಳಿ ಕಡಿಮೆ, ಬೇಸಿಗೆ ಮಳೆ ಜಾಸ್ತಿ. ಎರಡೂ ತೊಂದರೆ ಒಟ್ಟಿಗೆ. ಒಂದೆರಡು ರೀಬ್ಲೂಮರ್ ಕುಂಡದಲ್ಲಿಟ್ಟು ಸೂರಿನ ಕೆಳಗೆ ಬೆಳೆಸಿ ನೋಡಿ. ನೆಲಕ್ಕೆ ಅಲ್ಲಿಯದೇ ಆದ ಲೂಸಿಯಾನಾ ಐರಿಸ್ ನೆಡಿ. ಅದಕ್ಕೆ ಗಡ್ಡವಿಲ್ಲ, ಕುಳ್ಳವೂ ಅಲ್ಲ, ಆದರೆ ನೀರು ನಿಲ್ಲುವ ಜಾಗವೇ ಅದಕ್ಕೆ ಇಷ್ಟ.

ಫೀನಿಕ್ಸ್, ಎಲ್ ಪಾಸೋ ಬಿಸಿ, ಆದರೆ ಒಣ. ಕೊಳೆಯ ಭಯ ಕಡಿಮೆ. ಅಕ್ಟೋಬರ್‌ನಲ್ಲಿ ನೆಟ್ಟು, ಒಂದು ಇಂಚು ಮಣ್ಣು ಹೊದಿಸಿ, ಬೇಸಿಗೆಯಲ್ಲಿ ಶೇಡ್ ನೆಟ್ ಕಟ್ಟಿ. ಟೆಕ್ಸಸ್‌ಗಿಂತ ನೀರು ಜಾಸ್ತಿ ಬೇಕಾಗುತ್ತದೆ. ಪಶ್ಚಿಮ ಏಷ್ಯಾದ ಮರುಭೂಮಿ ಐರಿಸ್‌ಗಳ ವಂಶ ಬೆರೆತ ಆರಿಲ್‌ಬ್ರೆಡ್ ತಳಿಗಳಲ್ಲಿ ಕುಳ್ಳವೂ ಇವೆ, ಆ ಕಡೆಗೆ ಅವು ಹೇಳಿ ಮಾಡಿಸಿದಂತಿವೆ.

ಈಗ ಬೆಂಗಳೂರು. ರಜೆಗೆ ಹೋಗುವಾಗ ಅಮ್ಮನಿಗೆ ಅಂತ ನಾಲ್ಕು ಗೆಡ್ಡೆ ಸೂಟ್‌ಕೇಸಿಗೆ ಹಾಕುವ ಯೋಚನೆ ಬೇಡ. ಭಾರತದ 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಆಮದು ಪರವಾನಗಿ, ಗಿಡದ ಆರೋಗ್ಯ ಪ್ರಮಾಣಪತ್ರ ಇಲ್ಲದೆ ಗೆಡ್ಡೆ ಒಯ್ಯುವಂತಿಲ್ಲ. ಒಯ್ದರೂ ಪ್ರಯೋಜನವಿಲ್ಲ. ಬೆಂಗಳೂರಿನ ಜನವರಿ ರಾತ್ರಿ ಸಾಮಾನ್ಯವಾಗಿ 15 ಡಿಗ್ರಿಯ ಆಸುಪಾಸು, ಪುಮಿಲಾ ವಂಶಕ್ಕೆ ಅದು ಚಳಿಯೇ ಅಲ್ಲ. ಜೂನ್‌ನಿಂದ ಅಕ್ಟೋಬರ್‌ವರೆಗಿನ ಮಳೆಯಲ್ಲಿ ಗೆಡ್ಡೆ ಉಳಿಯುವುದೂ ಕಷ್ಟ. ಕೊಡಗು, ಚಿಕ್ಕಮಗಳೂರಿನ ಬೆಟ್ಟಗಳಲ್ಲಿ ಸ್ವಲ್ಪ ತಂಪು ಸಿಕ್ಕಿದರೂ ಮಳೆ ಅದರ ನಾಲ್ಕು ಪಟ್ಟು ತೊಂದರೆ ಕೊಡುತ್ತದೆ.

ಅಲ್ಲಿಗೆ ಅದೇ ಕುಟುಂಬದ ಬೇರೆ ಗಿಡಗಳಿವೆ. ಬಿಳಿ ಹೂವಿನ ಆಫ್ರಿಕನ್ ಐರಿಸ್, ಹೂಕಾಂಡದ ತುದಿಯಲ್ಲೇ ಮರಿ ಮಾಡುವ ವಾಕಿಂಗ್ ಐರಿಸ್ ನರ್ಸರಿಗಳಲ್ಲಿ ಕೇಳಿ ನೋಡಿ. ಕಿತ್ತಳೆ ಹೂವಿನ ಮೇಲೆ ಕೆಂಪು ಚುಕ್ಕೆಯಿರುವ ಬ್ಲ್ಯಾಕ್‌ಬೆರಿ ಲಿಲಿಯನ್ನು 2005ರಲ್ಲಿ ಸಸ್ಯವಿಜ್ಞಾನಿಗಳು ಐರಿಸ್ ಗುಂಪಿಗೇ ಸೇರಿಸಿದ್ದಾರೆ, ಅದಕ್ಕೆ ಬೆಂಗಳೂರಿನ ಹವೆ ಒಗ್ಗುತ್ತದೆ. ಅದರ ಕರಿ ಬೀಜವನ್ನು ಒಂದು ದಿನ ನೆನೆಸಿ, ನೀರು ಬಸಿಯುವ ಕುಂಡದಲ್ಲಿ ಕಾಲು ಇಂಚು ಆಳಕ್ಕೆ ಬಿತ್ತಬೇಕು. ಮೊಳಕೆಗೆ ಕೆಲವು ವಾರ ಹಿಡಿಯುತ್ತದೆ, ಹೂವಿಗೆ ಹೆಚ್ಚಾಗಿ ಎರಡನೆಯ ವರ್ಷ.